ಹಾರ್ಲನ್ ಕೌಂಟಿ, ಕೆಂಟಕಿ: ಕಲ್ಲಿದ್ದಲಿನ ಊರುಗಳ ನೆನಪು ಯಾರ ಬಳಿ ಉಳಿದಿದೆ?

ಲೆಕ್ಸಿಂಗ್ಟನ್ ವಾಸಿ:

ಅಮೆರಿಕದ ಕೆಂಟಕಿ ರಾಜ್ಯದ ಆಗ್ನೇಯ ಮೂಲೆಯಲ್ಲಿ, ವರ್ಜೀನಿಯಾ ಗಡಿಗೆ ಅಂಟಿಕೊಂಡು ಹಾರ್ಲನ್ ಕೌಂಟಿ (ನಮ್ಮ ಜಿಲ್ಲೆಯ ಹಾಗೆ) ಇದೆ. ಹೆಸರು ಕೇಳಿದವರೆಲ್ಲ ಮೊದಲು ಎತ್ತುವುದು 1931ರಲ್ಲಿ ಗಣಿಗಾರರಿಗೂ ಕಂಪನಿ ಕಡೆಯವರಿಗೂ ನಡೆದ ಗುಂಡಿನ ಕಾಳಗದ ಮಾತು. 'ರಕ್ತದ ಹಾರ್ಲನ್' ಎಂಬ ಅಡ್ಡಹೆಸರು ತೊಂಬತ್ತು ವರ್ಷ ದಾಟಿದರೂ ಅದನ್ನು ಬಿಟ್ಟಿಲ್ಲ. ಅಲ್ಲಿಯ ಹಿರಿಯರನ್ನು ಮಾತಿಗೆ ಎಳೆದರೆ ಬಂದೂಕಿನ ಸುದ್ದಿ ತಡವಾಗಿ ಬರುತ್ತದೆ. ಮೊದಲು ಬರುವುದು ಬಟವಾಡೆಯ ಲೆಕ್ಕ: ಅಪ್ಪ ಎಷ್ಟು ಟನ್ ತೆಗೆದ, ಕಂಪನಿ ಎಷ್ಟು ಮುರಿದುಕೊಂಡಿತು, ಮನೆಗೆ ಎಷ್ಟು ಬಂತು. ಆ ಕೌಂಟಿಯ ನೂರು ವರ್ಷದ ಕಥೆಯನ್ನು ಈ ಒಂದು ಲೆಕ್ಕ ಹಿಡಿದುಕೊಂಡೇ ಹೇಳಬಹುದು ಅನ್ನುವುದು ನನ್ನ ಅಭಿಪ್ರಾಯ. ಗೊತ್ತಿರುವವರು ಸೇರಿಸಿ, ಒಪ್ಪದವರು ವಾದಿಸಿ.

ಮೊದಲು ನೆಲದ ವಿಷಯ. 1819ರಲ್ಲಿ ಕೌಂಟಿ ಆದಾಗ ಅದು ಕಡಿದಾದ ಬೆಟ್ಟಗಳ ನಡುವಿನ ಸಣ್ಣ ಸಣ್ಣ ಕಣಿವೆಗಳಲ್ಲಿ ಮೆಕ್ಕೆಜೋಳ ಬೆಳೆದು, ಹಂದಿ ಸಾಕಿ ಬದುಕುವವರ ಸೀಮೆ. ಹತ್ತೊಂಬತ್ತನೇ ಶತಮಾನದ ಕೊನೆಗೆ ಪೂರ್ವ ಕೆಂಟಕಿಯಲ್ಲೆಲ್ಲ ದಲ್ಲಾಳಿಗಳು ಬಂದು ನೆಲದಡಿಯ ಖನಿಜದ ಹಕ್ಕನ್ನು ಕೊಂಡುಕೊಂಡರು. ಎಕರೆಗೆ ಒಂದು ಡಾಲರ್, ಅರ್ಧ ಡಾಲರ್‌ಗೂ ಬರೆದುಕೊಟ್ಟವರಿದ್ದರು. ಓದು ಬಾರದವರು ಕತ್ತರಿ ಗುರುತು ಹಾಕಿದರು. ಮೇಲಿನ ಮಣ್ಣು ರೈತನದೇ, ಕಂದಾಯ ಕಟ್ಟುವವನೂ ಅವನೇ. ಆದರೆ ಕೆಳಗಿನ ಕಲ್ಲಿದ್ದಲು ತೆಗೆಯಲು ಏನು ಬೇಕಾದರೂ ಮಾಡುವ ಅಧಿಕಾರ ಕೊಂಡವನದು ಎಂದು ಆ ಕ್ರಯಪತ್ರಗಳಲ್ಲಿ ಇರುತ್ತಿತ್ತು. ಮುಂದೆ ಬುಲ್ಡೋಜರ್ ಬಂದಾಗ ಇದೇ ಹಳೆಯ ಹಾಳೆ ತೋರಿಸಿ ಹೊಲ, ತೋಟ ಅಗೆದರು. ನ್ಯಾಯಾಲಯಗಳೂ ಬಹುಕಾಲ ಅದನ್ನೇ ಎತ್ತಿಹಿಡಿದವು. 1988ರಲ್ಲಿ ಕೆಂಟಕಿಯ ಮತದಾರರು ರಾಜ್ಯದ ಸಂವಿಧಾನ ತಿದ್ದಿದರು: ಪತ್ರ ಬರೆದ ಕಾಲದಲ್ಲಿ ಆ ಸೀಮೆಯಲ್ಲಿ ಬಳಕೆಯಲ್ಲಿದ್ದ ವಿಧಾನದಲ್ಲಷ್ಟೇ ಅಗೆಯಬಹುದು, ಬೇರೆಯದಕ್ಕೆ ಮಣ್ಣಿನ ಒಡೆಯನ ಒಪ್ಪಿಗೆ ಬೇಕು. ನೂರಕ್ಕೆ 80ಕ್ಕೂ ಹೆಚ್ಚು ಮತ ಅದರ ಪರ ಬಿತ್ತು. ಅಷ್ಟು ಹೊತ್ತಿಗೆ ಬಹಳ ಬೆಟ್ಟಗಳು ಹೋಗಿದ್ದವು.

1911ರಲ್ಲಿ ರೈಲು ಬಂದು ಮೊದಲ ಕಲ್ಲಿದ್ದಲು ಹೊರಗೆ ಹೋಯಿತು. ಜನಗಣತಿ ನೋಡಿ: 1910ರಲ್ಲಿ 10,566 ಜನ. 1920ರಲ್ಲಿ 31,546. 1940ರಲ್ಲಿ 75,275. ಈಗ, 2020ರ ಲೆಕ್ಕದಲ್ಲಿ, 26,831. ಬೇಗ ಏರಿತು, ನಿಧಾನಕ್ಕೆ ಇಳಿಯಿತು. ಆ ಎಪ್ಪತ್ತೈದು ಸಾವಿರದಲ್ಲಿ ಹೆಚ್ಚಿನವರ ಮಕ್ಕಳು ಮೊಮ್ಮಕ್ಕಳು ಇವತ್ತು ಹಾರ್ಲನ್‌ನಲ್ಲಿ ಇಲ್ಲ. ಹಾಗಾಗಿ ಶೀರ್ಷಿಕೆಯ ಪ್ರಶ್ನೆ.

ಹಳೇ ಯೂನಿಯನ್ನಿನವ:

ಒಳ್ಳೆಯ ವಿಷಯ ಎತ್ತಿದಿರಿ ಸರ್. 1931 ಎಲ್ಲರೂ ಹೇಳುವ ಕಥೆ ಅಂತ ಅದನ್ನು ದಾಟಿ ಹೋಗಬೇಡಿ. ಅದು ಕೂಡ ಬಟವಾಡೆಯ ಕಥೆಯೇ.

ಕಂಪನಿ ಊರು ಹೇಗಿತ್ತು ಅಂದರೆ, ಮನೆ ಕಂಪನಿಯದು, ಅಂಗಡಿ ಕಂಪನಿಯದು, ಡಾಕ್ಟರು ಕಂಪನಿಯವರು, ಎಷ್ಟೋ ಕಡೆ ಚರ್ಚಿನ ಕಟ್ಟಡವೂ ಕಂಪನಿಯದೇ. ಗಣಿಗಾರ ಒಳಗೆ ಬಳಸುವ ಸಿಡಿಮದ್ದಿನ ದುಡ್ಡು, ದೀಪದ ದುಡ್ಡು, ಸಲಕರಣೆ ಹದ ಮಾಡಿಸಿದ ದುಡ್ಡು, ಎಲ್ಲ ಅವನ ಕೂಲಿಯಿಂದಲೇ ಮುರಿಯುತ್ತಿದ್ದರು. ಬಟವಾಡೆಗೆ ಮೊದಲೇ ಕಾಸು ಬೇಕೆಂದರೆ ಕಂಪನಿಯ ಹೆಸರು ಒತ್ತಿದ ಲೋಹದ ಬಿಲ್ಲೆ ಕೊಡುತ್ತಿದ್ದರು. ಅದು ಪೂರ್ತಿ ಬೆಲೆಗೆ ಓಡುತ್ತಿದ್ದದ್ದು ಅದೇ ಕಂಪನಿಯ ಅಂಗಡಿಯಲ್ಲಿ ಮಾತ್ರ.

1931ರ ಫೆಬ್ರವರಿಯಲ್ಲಿ ಕೂಲಿಯನ್ನು ನೂರಕ್ಕೆ ಹತ್ತು ಇಳಿಸಿದರು. ಅದು ಮಹಾಕುಸಿತದ ಕಾಲ, ವಾರಕ್ಕೆ ಒಂದೆರಡು ದಿನವೇ ಕೆಲಸ. ಯೂನಿಯನ್ ಸಭೆಗೆ ಹೋದವರನ್ನು ಕೆಲಸದಿಂದ ತೆಗೆದರು, ಕೆಲಸ ಹೋದ ಮೇಲೆ ಮನೆಯಿಂದಲೂ ಎಬ್ಬಿಸಿದರು. ಎಲ್ಲಿಗೆ ಹೋಗಬೇಕು? ಕೌಂಟಿಯಲ್ಲಿ ಕಂಪನಿಗೆ ಸೇರದ ಪಟ್ಟಣಗಳು ಬೆರಳೆಣಿಕೆಯಷ್ಟು. ಅದರಲ್ಲಿ ಎವಾರ್ಟ್ಸ್ ಒಂದು. ಬೀದಿಗೆ ಬಿದ್ದ ಕುಟುಂಬಗಳು ಅಲ್ಲಿ ತುಂಬಿಕೊಂಡವು. ಮೇ 5ರಂದು ಡೆಪ್ಯುಟಿಗಳ (ಷೆರಿಫನ ಕೈಕೆಳಗಿನ ಪೊಲೀಸರ) ಕಾರುಗಳು ಎವಾರ್ಟ್ಸ್ ಹೊರವಲಯ ದಾಟುವಾಗ ಗುಂಡು ಹಾರಿತು. ಕಾಲು ಗಂಟೆಯ ಕಾಳಗ. ದಾಖಲೆಯಲ್ಲಿ ಸತ್ತವರು ನಾಲ್ವರು: ಮೂವರು ಕಂಪನಿ ಕಡೆಯವರು, ಒಬ್ಬ ಗಣಿಗಾರ. ಸತ್ತವರು ಇನ್ನೂ ಹೆಚ್ಚು ಅನ್ನುವುದು ಊರಿನ ಬಾಯಿಮಾತು.

ಆ ಡೆಪ್ಯುಟಿಗಳು ಯಾರು ಅನ್ನುವುದನ್ನು ಮರೆಯಬಾರದು. ಷೆರಿಫ್, ಅಂದರೆ ಕೌಂಟಿಯ ಪೊಲೀಸ್ ಮುಖ್ಯಸ್ಥ, ಜೆ. ಎಚ್. ಬ್ಲೇರ್ ಕೈಕೆಳಗಿದ್ದ ಸುಮಾರು 170 ಜನರಲ್ಲಿ ಬಹುಪಾಲು ಮಂದಿಗೆ ಸಂಬಳ ಬರುತ್ತಿದ್ದದ್ದು ಗಣಿ ಕಂಪನಿಗಳಿಂದ. ಕಾನೂನಿನ ಬಿಲ್ಲೆ ಎದೆ ಮೇಲೆ, ಅನ್ನ ಮಾಲೀಕನದು. ಕಾಳಗದ ನಂತರ ರಾಜ್ಯದ ನ್ಯಾಷನಲ್ ಗಾರ್ಡ್ ಬಂದಾಗ ಗಣಿಗಾರರು ಸಂತೋಷದಿಂದಲೇ ಎದುರುಗೊಂಡರು, ಇವರಾದರೂ ಯಾರ ಕಡೆಗೂ ಸೇರದವರು ಎಂದುಕೊಂಡು. ಕೆಲವೇ ದಿನದಲ್ಲಿ ಆ ಸೈನಿಕರೇ ಮುಷ್ಕರದ ಕಾವಲನ್ನು ಒಡೆದರು. ಶಿಕ್ಷೆಯಾಗಿ ಜೀವಾವಧಿ ಬಿದ್ದದ್ದು ಗಣಿಗಾರರಿಗೆ.

ಬ್ಲೇರ್‌ನ ಜನ ಫ್ಲಾರೆನ್ಸ್ ರೀಸ್ ಎಂಬಾಕೆಯ ಮನೆಗೆ ನುಗ್ಗಿ ಗಂಡನಿಗಾಗಿ ಜಾಲಾಡಿದರು. ಆತ ಯೂನಿಯನ್ ಸಂಘಟಕ. ಅವರು ಹೋದ ಮೇಲೆ ಆಕೆ ಗೋಡೆಯ ಕ್ಯಾಲೆಂಡರಿನ ಹಾಳೆ ಹರಿದು ಅದರ ಬೆನ್ನಿಗೆ ಒಂದು ಹಾಡು ಬರೆದರು. 'ನೀವು ಯಾರ ಕಡೆ' ಎಂದು ಕೇಳುವ ಆ ಹಾಡಿಗೆ ಹಳೆಯ ಭಜನೆಯೊಂದರ ಧಾಟಿ. ಅದು ಇವತ್ತಿಗೂ ಜಗತ್ತಿನ ಎಷ್ಟೋ ಮುಷ್ಕರಗಳಲ್ಲಿ ಕೇಳುತ್ತದೆ.

ಪಿಟ್ಸ್‌ಬರ್ಗ್ ಎಂಜಿನಿಯರ್:

ನಾನು ಉಕ್ಕಿನ ಉದ್ಯಮದಲ್ಲಿ ದುಡಿದವನು. ಒಂದು ಬದಿಯ ಮಾತು ಜಾಸ್ತಿ ಆಯಿತು ಅನ್ನಿಸಿ ಬರೆಯುತ್ತಿದ್ದೇನೆ. ಹಾರ್ಲನ್‌ನ ಎಲ್ಲ ಕಂಪನಿಗಳೂ ಒಂದೇ ತರಹ ಇರಲಿಲ್ಲ. ಬೆನಮ್ ಊರನ್ನು ಟ್ರ್ಯಾಕ್ಟರ್ ತಯಾರಿಸುವ ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಕಟ್ಟಿಸಿತು. ಪಕ್ಕದ ಲಿಂಚ್ ಅನ್ನು 1917ರಲ್ಲಿ ಯು.ಎಸ್. ಸ್ಟೀಲ್ ಶುರುಮಾಡಿತು. ಮೊದಲ ಮಹಾಯುದ್ಧದ ಉಕ್ಕಿಗೆ ಕೋಕ್ (ಕಲ್ಲಿದ್ದಲಿನಿಂದ ಮಾಡುವ ಕುಲುಮೆಯ ಇಂಧನ) ಬೇಕಿತ್ತು, ಅದಕ್ಕೆ ತಕ್ಕ ಕಲ್ಲಿದ್ದಲು ಬ್ಲ್ಯಾಕ್ ಮೌಂಟನ್ ಬೆಟ್ಟದ ಅಡಿಯಲ್ಲಿತ್ತು. ಕಾಡಾಗಿದ್ದ ಕಣಿವೆಯಲ್ಲಿ ಕೆಲವೇ ವರ್ಷದಲ್ಲಿ ಸಾವಿರದಷ್ಟು ಮನೆ, ಆಸ್ಪತ್ರೆ, ಶಾಲೆ, ಹೋಟೆಲ್, ಬೇಸ್‌ಬಾಲ್ ಮೈದಾನ ಎದ್ದವು. ಸುತ್ತಲಿನ ಹಳ್ಳಿಗಳು ಸೀಮೆಎಣ್ಣೆ ದೀಪದಲ್ಲಿದ್ದಾಗ ಅಲ್ಲಿ ವಿದ್ಯುತ್ ಇತ್ತು. ಇಟಲಿಯ ಕಲ್ಲುಕುಟಿಗರು ಕಟ್ಟಿದ ಗೋಡೆಗಳು ಇಂದೂ ಅಲುಗಿಲ್ಲ. 1923ರ ಫೆಬ್ರವರಿ 12ರಂದು ಒಂದೇ ಪಾಳಿಯಲ್ಲಿ 12,820 ಟನ್ ಹೊರತೆಗೆದು ವಿಶ್ವದಾಖಲೆ ಮಾಡಿದರು. ಆ ಕೆಲಸದ ಹೆಮ್ಮೆ ಅಲ್ಲಿ ದುಡಿದವರಿಗೂ ಇತ್ತು. ಕಂಪನಿ ಎಂದರೆ ಬರೀ ಬಂದೂಕು ಎಂದು ಬರೆದರೆ ಅವರಿಗೂ ಅನ್ಯಾಯ.

ಕ್ಲೀವ್‌ಲ್ಯಾಂಡ್ ಅಕ್ಕ:

ಎಂಜಿನಿಯರ್ ಸರ್ ಹೇಳಿದ ಹೆಮ್ಮೆಯನ್ನು ನಾನು ಕಿವಿಯಾರೆ ಕೇಳಿದ್ದೇನೆ. ನಮ್ಮ ಬೀದಿಯಲ್ಲಿದ್ದ ಹಿರಿಯ ಕಪ್ಪು ಹೆಂಗಸೊಬ್ಬರು ಲಿಂಚ್‌ನಲ್ಲಿ ಹುಟ್ಟಿದವರು. ಅವರ ಅಪ್ಪ ಅಲಬಾಮಾದಿಂದ ಬಂದವರು. ದಕ್ಷಿಣದಲ್ಲಿ ಪಾಲಿಗೆ ಹತ್ತಿ ಬೆಳೆದು ಸಾಲದಲ್ಲೇ ಉಳಿದಿದ್ದ ಕಪ್ಪು ಕುಟುಂಬಗಳನ್ನು ಕಂಪನಿಯ ಏಜೆಂಟರು ರೈಲಿನ ಟಿಕೆಟ್ ಕೊಟ್ಟು ಕರೆತಂದರು. ಹಂಗೆರಿ, ಇಟಲಿ, ಪೋಲೆಂಡ್ ಕಡೆಯಿಂದ ಬಂದವರನ್ನು ನ್ಯೂಯಾರ್ಕ್ ಬಂದರಿನಿಂದಲೇ ಕರೆತಂದರು. ಕಂಪನಿಯ ಲೆಕ್ಕಾಚಾರವೂ ಇತ್ತು ಬಿಡಿ: ಬೇರೆ ಬೇರೆ ಮಾತಿನವರು, ಬಣ್ಣದವರು ಬೇಗ ಒಗ್ಗೂಡುವುದಿಲ್ಲ.

ಗಣಿಯೊಳಗೆ ಎಲ್ಲರ ಮುಖವೂ ಒಂದೇ ಕಪ್ಪು, ಮೇಲೆ ಬಂದು ಸ್ನಾನ ಮಾಡಿದ ಮೇಲೆ ಬೇರೆ ಬೇರೆ ದಾರಿ, ಅನ್ನುತ್ತಿದ್ದರು ಅವರು. ಮನೆಗಳ ಸಾಲು ಬೇರೆ, ಶಾಲೆ ಬೇರೆ. ಅಪಾಯದ, ಭಾರದ ಕೆಲಸ ಕಪ್ಪು ಜನರಿಗೆ. ಮೇಸ್ತ್ರಿ ಕೆಲಸಕ್ಕೆ ಏರುವುದು ಅವರಿಗೆ ದುರ್ಲಭ. ಹೀಗಿದ್ದೂ ಆ ಶಾಲೆಯ ಮಾತು ಬಂದರೆ ಅವರ ಮುಖ ಬೆಳಗುತ್ತಿತ್ತು. ಬಿಳಿಯರ ಶಾಲೆಯ ಹಳೆಯ ಪುಸ್ತಕ ಕೈಗೆ ಬಂದರೂ ಮೇಷ್ಟ್ರುಗಳು ಪಾಠದಲ್ಲಿ ಒಂದು ಚೂರೂ ಬಿಟ್ಟುಕೊಡಲಿಲ್ಲವಂತೆ. ಗಣಿಗೆ ಮಗ ಇಳಿಯಬಾರದು ಅನ್ನುವುದು ಪ್ರತಿ ಮನೆಯ ಹಟ.

ಎರಡನೇ ಮಹಾಯುದ್ಧದ ನಂತರ ಯಂತ್ರ ಬಂತು. ಮೊದಲು ಕೆಲಸ ಹೋದದ್ದು ಕಪ್ಪು ಗಣಿಗಾರರದು. ಡೆಟ್ರಾಯಿಟ್, ಶಿಕಾಗೊ, ಕ್ಲೀವ್‌ಲ್ಯಾಂಡ್ ಎಂದು ಚದುರಿದರು. ಆದರೆ ಚದುರಿದವರು ಬಿಡಲಿಲ್ಲ. 1970ರ ಸುಮಾರಿಗೆ ಇದೇ ಕ್ಲೀವ್‌ಲ್ಯಾಂಡ್‌ನಲ್ಲಿ ಈಸ್ಟರ್ನ್ ಕೆಂಟಕಿ ಸೋಷಿಯಲ್ ಕ್ಲಬ್ ಶುರುವಾಯಿತು. ವರ್ಷಕ್ಕೊಂದು ನಗರದಲ್ಲಿ, ಸೆಪ್ಟೆಂಬರ್ ಮೊದಲ ವಾರದ ಕಾರ್ಮಿಕ ದಿನದ ರಜೆಯಲ್ಲಿ, ಲಿಂಚ್, ಬೆನಮ್, ಕಂಬರ್ಲೆಂಡ್ ಮೂಲದವರೆಲ್ಲ ಸೇರುತ್ತಾರೆ. ಹಾರ್ಲನ್ ಅನ್ನು ಕಣ್ಣಾರೆ ನೋಡದ ಮೊಮ್ಮಕ್ಕಳು ಕೂಡ ತಾತ ಎಷ್ಟನೇ ನಂಬರಿನ ಸಾಲಿನಲ್ಲಿದ್ದ ಎಂದು ಹೇಳಬಲ್ಲರು. ಲೆಕ್ಸಿಂಗ್ಟನ್ ಅಣ್ಣ, ನಿಮ್ಮ ಪ್ರಶ್ನೆಗೆ ನನ್ನ ಉತ್ತರ ಇದು. ಲಿಂಚ್‌ನ ಕಪ್ಪು ಸಮುದಾಯದ ನೆನಪು ಲಿಂಚ್‌ಗಿಂತ ಓಹಾಯೋದಲ್ಲಿ, ಮಿಷಿಗನ್‌ನಲ್ಲಿ ಜಾಸ್ತಿ ಜೀವಂತವಾಗಿದೆ.

ಹಳೇ ಯೂನಿಯನ್ನಿನವ:

ಎಂಜಿನಿಯರ್ ಸಾಹೇಬರೇ, ಲಿಂಚ್‌ನ ಮನೆಗಳು ಚೆನ್ನಾಗಿದ್ದವು, ಒಪ್ಪಿದೆ. ಆದರೆ ಆ ಮನೆಯಲ್ಲಿ ಇರಬೇಕೆಂದರೆ ಬಾಯಿ ಮುಚ್ಚಿಕೊಂಡಿರಬೇಕಿತ್ತು. ಹಾರ್ಲನ್‌ನಲ್ಲಿ ಯೂನಿಯನ್ ಕಾಲೂರಿದ್ದು 1937ರಲ್ಲಿ ಕಾರ್ಮಿಕರ ಹಕ್ಕುಗಳ ಮೇಲಿನ ದಾಳಿಯನ್ನು ತನಿಖೆ ಮಾಡುತ್ತಿದ್ದ ಸೆನೆಟ್‌ನ ಲಾ ಫಾಲೆಟ್ ಸಮಿತಿ ವಾಷಿಂಗ್ಟನ್‌ನಲ್ಲಿ ಸಾಕ್ಷಿಗಳನ್ನು ಕರೆದು ಕೇಳಿದ ಮೇಲೆ, ಮರುವರ್ಷ ಕಂಪನಿಗಳ ಮೇಲೆ ಫೆಡರಲ್ ಮೊಕದ್ದಮೆ ನಡೆದ ಮೇಲೆ. ಚೆಂದದ ಮನೆ ಕೊಟ್ಟದ್ದು ಔದಾರ್ಯ ಆಗಿದ್ದರೆ ಅದನ್ನು ಖಾಲಿ ಮಾಡಿಸುವ ಬೆದರಿಕೆ ಯಾಕೆ ಬೇಕಿತ್ತು?

ಬೆಟ್ಟದ ಡಾಕ್ಟ್ರಮ್ಮ:

ನಾನು ಪೂರ್ವ ಕೆಂಟಕಿಯಲ್ಲಿ ವೈದ್ಯೆ. ಮೈಸೂರಿನಲ್ಲಿ ಓದಿ, ರೆಸಿಡೆನ್ಸಿ ತರಬೇತಿ ಮುಗಿಸಿ, ವೀಸಾ ಷರತ್ತಿನಂತೆ ಮೂರು ವರ್ಷ ಡಾಕ್ಟರ ಕೊರತೆಯಿರುವ ಕಡೆ ಕೆಲಸ ಮಾಡಲು ಬಂದವಳು ಇಲ್ಲೇ ಉಳಿದೆ. 1965ರ ವಲಸೆ ಕಾನೂನಿನ ನಂತರ ಈ ಬೆಟ್ಟದ ಆಸ್ಪತ್ರೆಗಳಿಗೆ ಭಾರತದಿಂದ ಬಹಳ ವೈದ್ಯರು ಬಂದಿದ್ದಾರೆ. ನಮ್ಮಂಥವರಿಗೆ ಇಲ್ಲಿಯ ಇತಿಹಾಸ ಪುಸ್ತಕದಲ್ಲಿ ಸಿಕ್ಕಿದ್ದಲ್ಲ, ಎದೆಯ ಎಕ್ಸ್‌ರೇಯಲ್ಲಿ ಸಿಕ್ಕಿದ್ದು.

ಆಸ್ಪತ್ರೆಯ ಕಥೆಯೂ ಬಟವಾಡೆಯದೇ. ಎರಡನೇ ಮಹಾಯುದ್ಧ ಮುಗಿದ ಮೇಲೆ ಗಣಿಗಾರರ ಯೂನಿಯನ್ ಹೋರಾಡಿ, ಅಗೆದ ಪ್ರತಿ ಟನ್‌ಗೆ ಇಷ್ಟು ಸೆಂಟ್ ಎಂದು ಕಲ್ಯಾಣ ನಿಧಿಗೆ ಪಡೆಯಿತು. 1946ರಲ್ಲಿ ಟನ್‌ಗೆ 5 ಸೆಂಟ್, 1952ರ ಹೊತ್ತಿಗೆ 40 ಸೆಂಟ್. ಆ ದುಡ್ಡಿನಲ್ಲಿ 1956ರಲ್ಲಿ ಅಪಲೇಚಿಯಾ ಬೆಟ್ಟಸೀಮೆಯಲ್ಲಿ ಹತ್ತು ಆಸ್ಪತ್ರೆ ತೆರೆದರು, ಹಾರ್ಲನ್‌ನಲ್ಲಿ ಒಂದು. ಆ ಕಾಲಕ್ಕೆ ದೊಡ್ಡ ನಗರದವರೂ ಬಂದು ನೋಡುವಂಥ ಆಸ್ಪತ್ರೆಗಳು. ಗಣಿಗಾರ ನಿಧಿಯ ಕಾರ್ಡ್ ತೋರಿಸಿದರೆ ಸಾಕು, ಚಿಕಿತ್ಸೆ ಸಿಗುತ್ತಿತ್ತು. ಆದರೆ ನಿಧಿ ನಿಂತದ್ದು ಟನ್‌ಗಳ ಮೇಲೆ. ಕಲ್ಲಿದ್ದಲಿಗೆ ಬೇಡಿಕೆ ಇಳಿದಾಗ, ಸಣ್ಣ ಗಣಿಗಳು ಪಾಲು ಕಟ್ಟದೆ ಹೋದಾಗ, ಹತ್ತೇ ವರ್ಷದೊಳಗೆ ಆಸ್ಪತ್ರೆಗಳನ್ನು ಬೇರೆ ಸಂಸ್ಥೆಗೆ ವಹಿಸಬೇಕಾಯಿತು. ಸಾವಿರಾರು ಗಣಿಗಾರರ ಕಾರ್ಡುಗಳು ರದ್ದಾದವು. 'ಅಪ್ಪನ ಕಾರ್ಡ್ ಹೋದ ವರ್ಷ' ಎಂದು ಕಾಲವನ್ನು ಗುರುತಿಸುವವರನ್ನು ನಾನು ಕಂಡಿದ್ದೇನೆ.

ಇನ್ನು ಕರಿಶ್ವಾಸಕೋಶ, ಕಲ್ಲಿದ್ದಲಿನ ಧೂಳು ಎದೆಗಿಳಿದು ಬರುವ ರೋಗ. ಇದು ಬಹುಕಾಲ 'ಗಣಿಗಾರನ ಉಬ್ಬಸ' ಎನ್ನಿಸಿಕೊಂಡಿತ್ತು, ಬೀಡಿ ಸಿಗರೇಟಿನ ಮೇಲೆ ತಪ್ಪು ಹೊರಿಸುವ ಕಂಪನಿ ಡಾಕ್ಟರುಗಳಿದ್ದರು. 1968ರ ನವೆಂಬರ್‌ನಲ್ಲಿ ವೆಸ್ಟ್ ವರ್ಜೀನಿಯಾದ ಫಾರ್ಮಿಂಗ್ಟನ್ ಗಣಿ ಸ್ಫೋಟಿಸಿ 78 ಮಂದಿ ಸತ್ತ ಮೇಲೆ, 1969ರಲ್ಲಿ ಫೆಡರಲ್ ಕಾನೂನು ಬಂತು. ಧೂಳಿಗೆ ಮಿತಿ, ರೋಗಕ್ಕೆ ಪರಿಹಾರ. ರೋಗ ಇಳಿಯಿತು. ಮುಗಿಯಿತು ಎಂದೇ ನಾವೆಲ್ಲ ಓದಿದ್ದು. ಆದರೆ ಈಗ ನಲವತ್ತರ ಹರೆಯದವರು ಎದೆ ಹಿಡಿದುಕೊಂಡು ಬರುತ್ತಿದ್ದಾರೆ. ಕಲ್ಲಿದ್ದಲಿನ ದಪ್ಪ ಪದರ ಖಾಲಿಯಾಗಿ ತೆಳು ಪದರವಷ್ಟೇ ಉಳಿದಿದೆ. ಅದನ್ನು ತೆಗೆಯಲು ಯಂತ್ರ ಮೇಲೆ ಕೆಳಗೆ ಬಂಡೆಯನ್ನೂ ಕೊರೆಯಬೇಕು, ಆಗ ಏಳುವ ಸಿಲಿಕಾ ಧೂಳು ಕಲ್ಲಿದ್ದಲಿನ ಧೂಳಿಗಿಂತ ಬಹಳ ಕೆಟ್ಟದ್ದು. ಬೆಟ್ಟದ ಆಚೆ ವರ್ಜೀನಿಯಾದ ಮೂರು ಕ್ಲಿನಿಕ್‌ಗಳಲ್ಲೇ 2013ರಿಂದ 2017ರೊಳಗೆ ರೋಗದ ಅತಿ ತೀವ್ರ ರೂಪದ 416 ಪ್ರಕರಣ ಸಿಕ್ಕವು. ಎಂಜಿನಿಯರ್ ಸರ್, ನೀವು ಹೇಳಿದ ಕೆಲಸದ ಹೆಮ್ಮೆ ನನ್ನ ರೋಗಿಗಳಲ್ಲೂ ಇದೆ. ಆಕ್ಸಿಜನ್ ಕೊಳವೆ ಹಾಕಿಕೊಂಡೇ ಪದರಗಳ ಹೆಸರು ಹೇಳುತ್ತಾರೆ. ಆ ಹೆಮ್ಮೆಯನ್ನು ಕಂಪನಿಯ ಲೆಕ್ಕಕ್ಕೆ ಬರೆದುಕೊಳ್ಳಲು ನಾನು ಒಪ್ಪುವುದಿಲ್ಲ. ಅದು ದುಡಿದವರದು.

ಪಿಟ್ಸ್‌ಬರ್ಗ್ ಎಂಜಿನಿಯರ್:

ಡಾಕ್ಟರ್ ಮೇಡಂ, ನಿಮ್ಮ ಕೊನೆಯ ಮಾತಿಗೆ ನನ್ನ ಬಳಿ ಎದುರುತ್ತರ ಇಲ್ಲ. ಸಿಲಿಕಾ ತಡೆಯುವ ವಿಧಾನ ಗೊತ್ತಿತ್ತು: ಕೊರೆಯುವಲ್ಲಿ ನೀರು, ಸಾಕಷ್ಟು ಗಾಳಿ, ಯಂತ್ರಕ್ಕೆ ಚೂಪಾದ ಹಲ್ಲು. ಮೂರಕ್ಕೂ ದುಡ್ಡು, ಸಮಯ ಬೇಕು.

ಕ್ಲೀವ್‌ಲ್ಯಾಂಡ್ ಅಕ್ಕ:

ಬ್ರೂಕ್‌ಸೈಡ್ ಮುಷ್ಕರದ ಬಗ್ಗೆ ಯಾರೂ ಬರೆದಿಲ್ಲವಲ್ಲ? ಹೆಂಗಸರ ಕಥೆ ಅದೇ ತಾನೆ.

ಹಳೇ ಯೂನಿಯನ್ನಿನವ:

ಬರೆಯುತ್ತೇನೆ ಅಕ್ಕ. 1973ರ ಬೇಸಿಗೆಯಲ್ಲಿ ಬ್ರೂಕ್‌ಸೈಡ್ ಗಣಿಯವರು ಯೂನಿಯನ್ ಸೇರಲು ಮತ ಹಾಕಿದರು. ಗಣಿ ಈಸ್ಟೋವರ್ ಕಂಪನಿಯದು, ಅದರ ಒಡೆತನ ನಾರ್ತ್ ಕ್ಯಾರೊಲಿನಾದ ಡ್ಯೂಕ್ ಪವರ್ ವಿದ್ಯುತ್ ಕಂಪನಿಯದು. ಕರಾರಿಗೆ ಸಹಿ ಹಾಕಲು ಅವರು ಒಪ್ಪಲಿಲ್ಲ. ಹದಿಮೂರು ತಿಂಗಳ ಮುಷ್ಕರ. ಬದಲಿ ಕೂಲಿಗಳನ್ನು ಒಳಗೆ ಬಿಡಲು ದಾರಿ ತೆರವಾಗಬೇಕು. ನ್ಯಾಯಾಧೀಶರು ಒಂದೊಂದು ಬಾಗಿಲಿಗೆ ಮೂವರೇ ಮುಷ್ಕರಗಾರರು ನಿಲ್ಲಬಹುದೆಂದು ಆದೇಶ ಕೊಟ್ಟರು. ಆಗ ಹೆಂಡಂದಿರು, ತಾಯಂದಿರು, ವಿಧವೆಯರು ರಸ್ತೆಗೆ ಇಳಿದರು. ಕೈಯಲ್ಲಿ ಬೆತ್ತ, ದೊಣ್ಣೆ. ಕಾರುಗಳ ಮುಂದೆ ಅಡ್ಡ ಮಲಗಿದರು, ಮಕ್ಕಳ ಸಮೇತ ಜೈಲಿಗೂ ಹೋದರು. ಅವರಲ್ಲಿ ಎಷ್ಟೋ ಮಂದಿ 1931ನ್ನು ಚಿಕ್ಕವರಾಗಿ ಕಂಡವರು. ಫ್ಲಾರೆನ್ಸ್ ರೀಸ್ ವಯಸ್ಸಾದ ಮೇಲೆ ಆ ಮುಷ್ಕರದ ಸಭೆಗೆ ಬಂದು ತಾನೇ ಬರೆದ ಹಾಡು ಹಾಡಿದರು.

1974ರ ಆಗಸ್ಟ್‌ನಲ್ಲಿ ಲಾರೆನ್ಸ್ ಜೋನ್ಸ್ ಎಂಬ 23ರ ಹುಡುಗನಿಗೆ ಗಣಿಯ ಮೇಲ್ವಿಚಾರಕನೊಬ್ಬನ ಗುಂಡು ತಗುಲಿತು. ಮನೆಯಲ್ಲಿ ಎಳೆಯ ಹೆಂಡತಿ, ಐದು ತಿಂಗಳ ಕೂಸು. ಅವನು ಸತ್ತ ಬೆನ್ನಿಗೇ ಕಂಪನಿ ಸಹಿ ಹಾಕಿತು. ಹದಿಮೂರು ತಿಂಗಳು ಆಗದ ಸಹಿ ಒಂದು ಹೆಣ ಬಿದ್ದ ಮೇಲೆ ಆಯಿತು. ಇದನ್ನು ಬರೆಯುವಾಗ ಈಗಲೂ ನನ್ನ ಕೈ ಬಿಗಿಯುತ್ತದೆ.

ಬೆಟ್ಟದ ಡಾಕ್ಟ್ರಮ್ಮ:

ಒಂದು ಸಂತೋಷದ ವಿಷಯವನ್ನೂ ಹಾಕುತ್ತೇನೆ, ಇಲ್ಲದಿದ್ದರೆ ಓದಿದವರಿಗೆ ಇದು ಬರೀ ಸಾವಿನ ಊರು ಅನ್ನಿಸೀತು. ಜೂನ್‌ನಲ್ಲಿ ಹಾರ್ಲನ್ ಪಟ್ಟಣದಲ್ಲಿ ಪೋಕ್ ಸ್ಯಾಲಟ್ ಹಬ್ಬ. ಪೋಕ್ ಎನ್ನುವುದು ಬೇಲಿ ಸಾಲಿನಲ್ಲಿ ತಾನಾಗಿ ಏಳುವ ಗಿಡ. ಹಸಿಯಾಗಿ ತಿಂದರೆ ವಿಷ. ಎಳೆ ಎಲೆ ಕೊಯ್ದು, ಎರಡು ಮೂರು ಸಲ ಕುದಿಸಿ ನೀರು ಚೆಲ್ಲಿ, ಆಮೇಲೆ ಹಂದಿಯ ಕೊಬ್ಬಿನಲ್ಲಿ ಹುರಿಯುತ್ತಾರೆ. ಜೊತೆಗೆ ಬೇಯಿಸಿದ ಬೀನ್ಸ್ ಕಾಳು, ಮೆಕ್ಕೆಜೋಳದ ಹಿಟ್ಟಿನ ಕಾರ್ನ್‌ಬ್ರೆಡ್. ನಮ್ಮ ಕಡೆ ಹೊಲದ ಬದುವಿನ ಬೆರಕೆ ಸೊಪ್ಪು ತಂದು ಮಸ್ಸೊಪ್ಪು ಮಾಡುವ ಹಾಗೆ. ಚಳಿಗಾಲ ಮುಗಿದು ಸಂಗ್ರಹ ಬರಿದಾದಾಗ ಮೊದಲು ಸಿಗುವ ಹಸಿರು ಅದು, ಮುಷ್ಕರದ ವರ್ಷಗಳಲ್ಲಿ ಎಷ್ಟೋ ಮನೆಯ ಹೊಟ್ಟೆ ಹೊರೆದದ್ದೂ ಅದೇ.

ಪೈನ್ ಮೌಂಟನ್ ಆಚೆ ಬದಿಯ ಶಾಲೆಯನ್ನೂ ನೋಡಿ. ವಿಲಿಯಂ ಕ್ರೀಚ್ ಎಂಬ ರೈತ ತನ್ನ ಜಮೀನು ಕೊಟ್ಟು, ಕ್ಯಾಥರೀನ್ ಪೆಟಿಟ್ ಮತ್ತು ಎಥೆಲ್ ಡಿ ಲಾಂಗ್ ಅವರಿಂದ 1913ರಲ್ಲಿ ಶುರುಮಾಡಿಸಿದ್ದು. ಮಕ್ಕಳು ಅಲ್ಲೇ ಉಳಿದು ಓದುತ್ತ, ಹೊಲದ ಕೆಲಸ ಮಾಡುತ್ತ ಬೆಳೆದರು. ಇಂಗ್ಲೆಂಡಿನ ಜನಪದ ಸಂಗ್ರಾಹಕ ಸೆಸಿಲ್ ಶಾರ್ಪ್ 1917ರಲ್ಲಿ ಬಂದು ಅಲ್ಲಿಯ ಕುಣಿತ ನೋಡಿ ಬೆರಗಾದರು. ಈಗ ಅದು ಪರಿಸರ ಶಿಕ್ಷಣದ ಜಾಗ.

ಲೆಕ್ಸಿಂಗ್ಟನ್ ವಾಸಿ:

ಎಲ್ಲರಿಗೂ ಧನ್ಯವಾದ. ನಾನು ಈ ಎಳೆಯನ್ನು ಶುರುಮಾಡಲು ನಿಜವಾದ ಕಾರಣ 2019. ಆ ಜುಲೈ 1ರಂದು ಬ್ಲ್ಯಾಕ್‌ಜ್ಯುವೆಲ್ ಎಂಬ ಕಂಪನಿ ದಿವಾಳಿ ಅರ್ಜಿ ಹಾಕಿತು. ಗಣಿಗಾರರು ಬ್ಯಾಂಕಿಗೆ ಹಾಕಿದ್ದ ಸಂಬಳದ ಚೆಕ್ಕುಗಳು ವಾಪಸ್ ಬಂದವು. ಖಾತೆಯಿಂದ ಆಗಲೇ ಮನೆ ಕಂತು, ಕರೆಂಟ್ ಬಿಲ್ ಕಟ್ಟಿದ್ದವರು ರಾತ್ರೋರಾತ್ರಿ ಸಾಲಗಾರರಾದರು. ಜುಲೈ 29ರಂದು, ತಮ್ಮ ಕೂಲಿ ಕೊಡದ ಅದೇ ಕಲ್ಲಿದ್ದಲನ್ನು ಹೊತ್ತ ರೈಲು ಕಂಬರ್ಲೆಂಡ್ ಬಳಿ ಹೊರಡುತ್ತಿದೆ ಎಂದು ತಿಳಿದು ಕೆಲವರು ಹಳಿಯ ಮೇಲೆ ನಿಂತರು. ಸಂಜೆಗೆ ಇನ್ನಷ್ಟು ಜನ. ಡೇರೆ ಹಾಕಿದರು, ಊರವರು ಅಡುಗೆ ತಂದರು, ಮಕ್ಕಳು ಹಳಿಯ ಪಕ್ಕ ಆಡಿದರು. ಸುಮಾರು ಎರಡು ತಿಂಗಳು ಸರದಿ ಮೇಲೆ ಕಾವಲು. ಒಂದು ಗುಂಡೂ ಹಾರಲಿಲ್ಲ. ಆ ಗಣಿಯಲ್ಲಿ ಯೂನಿಯನ್ ಇರಲಿಲ್ಲ. ಹಳಿಗೆ ಇಳಿದವರಲ್ಲಿ ಎಷ್ಟೋ ಮಂದಿಗೆ ಯೂನಿಯನ್ ಎಂದರೆ ಅಜ್ಜನ ಕಾಲದ ಮಾತು. ಆದರೂ ಎದುರಿಗೆ ನಿಲ್ಲುವುದು ಹೇಗೆಂದು ಯಾರೂ ಹೇಳಿಕೊಡಬೇಕಾಗಲಿಲ್ಲ. ಕೂಲಿ ಕೊಡದೆ ತೆಗೆಸಿದ ಸರಕನ್ನು ರಾಜ್ಯದಿಂದ ರಾಜ್ಯಕ್ಕೆ ಸಾಗಿಸುವಂತಿಲ್ಲ ಎಂಬ ಹಳೆಯ ಕಾನೂನನ್ನು ಕಾರ್ಮಿಕ ಇಲಾಖೆಯೂ ಕೋರ್ಟಿನಲ್ಲಿ ಮುಂದಿಟ್ಟಿತು. ಅಕ್ಟೋಬರ್‌ನಲ್ಲಿ 50 ಲಕ್ಷ ಡಾಲರಿಗೂ ಮೀರಿದ ಬಾಕಿ ಕೂಲಿ ಇತ್ಯರ್ಥವಾಯಿತು.

ಹಳೇ ಯೂನಿಯನ್ನಿನವ:

ಆ ಇತ್ಯರ್ಥದ ಸುದ್ದಿ ಬಂದ ದಿನ ನಮ್ಮ ಹಳೆಯ ಸಂಗಾತಿಗಳಿಗೆಲ್ಲ ಫೋನ್ ಮಾಡಿ ಹೇಳಿದ್ದೆ. ಒಂದು ಕೇಳಬೇಕಿತ್ತು ಸರ್: ಈ ಹಿರಿಯರ ಮಾತುಗಳನ್ನು ಯಾರಾದರೂ ಧ್ವನಿಯಲ್ಲಿ ಹಿಡಿದಿಟ್ಟಿದ್ದಾರೆಯೇ? ಹೋಗಿ ನೋಡುವುದಾದರೆ ಎಲ್ಲಿಂದ ಶುರುಮಾಡಬೇಕು?

ಲೆಕ್ಸಿಂಗ್ಟನ್ ವಾಸಿ:

ಹಿಡಿದಿಟ್ಟಿದ್ದಾರೆ. ಇಟಲಿಯ ಮೌಖಿಕ ಇತಿಹಾಸಕಾರ ಅಲೆಸ್ಸಾಂಡ್ರೊ ಪೋರ್ಟೆಲ್ಲಿ ದಶಕಗಳ ಕಾಲ ಹಾರ್ಲನ್‌ಗೆ ಬಂದು ಹೋಗಿ ಜನರ ಮಾತು ರೆಕಾರ್ಡ್ ಮಾಡಿದರು. ಆ ಧ್ವನಿಗಳು ಇಲ್ಲಿ ಲೆಕ್ಸಿಂಗ್ಟನ್‌ನಲ್ಲೇ, ಕೆಂಟಕಿ ವಿಶ್ವವಿದ್ಯಾಲಯದ ಲೂಯಿ ಬಿ. ನನ್ ಮೌಖಿಕ ಇತಿಹಾಸ ಕೇಂದ್ರದಲ್ಲಿವೆ. ಲಿಂಚ್‌ನ ಕಪ್ಪು ಕುಟುಂಬಗಳ ನೆನಪು, ಫೋಟೊ, ಪತ್ರಗಳನ್ನು ನಾರ್ತ್ ಕ್ಯಾರೊಲಿನಾ ವಿಶ್ವವಿದ್ಯಾಲಯದಲ್ಲಿ ಬೇರೆಯಾಗಿ ಕೂಡಿಹಾಕಿದ್ದಾರೆ. ಅಕ್ಕ ಹೇಳಿದ ಕ್ಲಬ್ಬಿನವರು ಅದಕ್ಕೆ ತುಂಬಾ ಕೊಟ್ಟಿದ್ದಾರೆ.

ಹೋಗುವುದಾದರೆ ಬೆನಮ್‌ನಿಂದ ಶುರುಮಾಡಿ. ಹಳೆಯ ಕಂಪನಿ ಅಂಗಡಿಯೇ ಈಗ ಕೆಂಟಕಿ ಕಲ್ಲಿದ್ದಲು ಗಣಿ ವಸ್ತುಸಂಗ್ರಹಾಲಯ. ಬಿಲ್ಲೆ, ದೀಪ, ಬಟವಾಡೆ ಚೀಟಿ ಎಲ್ಲ ಕಾಣಸಿಗುತ್ತವೆ. 2017ರಲ್ಲಿ ಕರೆಂಟ್ ಖರ್ಚು ಉಳಿಸಲು ಅದರ ಮಾಡಿಗೆ ಸೌರಫಲಕ ಹಾಕಿದರು. ಅಲ್ಲಿಂದ ಲಿಂಚ್‌ಗೆ ಕೆಲವೇ ನಿಮಿಷ. ಪೋರ್ಟಲ್ 31 ಗಣಿಯೊಳಗೆ ಹಳಿಬಂಡಿಯಲ್ಲಿ ಕರೆದೊಯ್ಯುತ್ತಾರೆ; ಹೊರಡುವ ಮುನ್ನ ಫೋನ್ ಮಾಡಿ ಸಮಯ ಕೇಳಿಕೊಳ್ಳಿ. ನೆಲದ ಹಳೆಯ ಕ್ರಯಪತ್ರ ನೋಡಬೇಕೆಂದರೆ ಹಾರ್ಲನ್ ಪಟ್ಟಣದ ಕೌಂಟಿ ಕ್ಲರ್ಕ್ ಕಚೇರಿಗೆ ಹೋಗಿ. ಆ ಪುಸ್ತಕಗಳು ಸಾರ್ವಜನಿಕ ದಾಖಲೆ, ಯಾರು ಬೇಕಾದರೂ ತೆಗೆದು ಓದಬಹುದು. ನೀವು ಬರುವುದಾದರೆ ತಿಳಿಸಿ, ನಾನೂ ಜೊತೆಗೆ ಬರುತ್ತೇನೆ.